ಅಲ್ಟ್ರಾ ವೈಡ್‌ಬ್ಯಾಂಡ್ ಆಂಟೆನಾ: ಆಕಾರ, ಅಳತೆ ಮತ್ತು ಕಾಲ

ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಬಯಲಿನ ಅಲೆಯಾಗಿ ಹೊರಡಿಸುವ, ಬಯಲಿನ ಅಲೆಯನ್ನು ಮತ್ತೆ ತಂತಿಗೆ ಇಳಿಸಿಕೊಳ್ಳುವ ಲೋಹದ ರಚನೆಯೇ ಆಂಟೆನಾ. ಅದರ ಗಾತ್ರ ಅಲೆಯ ಉದ್ದಕ್ಕೆ ಕಟ್ಟುಬಿದ್ದಿರುತ್ತದೆ. ಶಿವಮೊಗ್ಗ ಜಿಲ್ಲೆಯವರಿಗೆ ಇದರ ಹತ್ತಿರದ ಉದಾಹರಣೆ ಆಕಾಶವಾಣಿ ಭದ್ರಾವತಿ. 1965ರಲ್ಲಿ ಆರಂಭವಾದ ಈ ನಿಲಯದ ಮಧ್ಯಮ ತರಂಗದ ಆವರ್ತನ 675 ಕಿಲೋಹರ್ಟ್ಸ್. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 444 ಮೀಟರ್ ಎಂದು ತಿಳಿಯುತ್ತದೆ; ಅದರ ಕಾಲುಭಾಗ 111 ಮೀಟರ್. ಮಧ್ಯಮ ತರಂಗದ ಪ್ರಸಾರಕ್ಕೆ ಮುಗಿಲೆತ್ತರದ ಉಕ್ಕಿನ ಕಂಬಗಳೇ ಬೇಕಾಗುವುದು ಈ ಲೆಕ್ಕದಿಂದ. ಅದೇ ನಿಲಯದ ಎಫ್‌ಎಂ ಪ್ರಸಾರದ ಆವರ್ತನ 103.5 ಮೆಗಾಹರ್ಟ್ಸ್. ಅಲ್ಲಿ ಅಲೆಯ ಉದ್ದ 2.9 ಮೀಟರ್‌ಗೆ ಇಳಿಯುತ್ತದೆ, ಕಾಲುಭಾಗವೆಂದರೆ ಮುಕ್ಕಾಲು ಮೀಟರಿಗೂ ಕಡಿಮೆ.

ಈ ಎರಡು ಪ್ರಸಾರಗಳ ನಡುವೆ ಗಾತ್ರದಲ್ಲಿ ಇಷ್ಟು ಅಂತರವಿದ್ದರೂ ಒಂದು ಗುಣ ಸಮಾನ. ಎರಡೂ ತಮ್ಮ ಆವರ್ತನದ ಸುತ್ತ ಬಹಳ ಕಿರಿದಾದ ಜಾಗವನ್ನು ಮಾತ್ರ ಬಳಸುತ್ತವೆ. ಮಧ್ಯಮ ತರಂಗದಲ್ಲಿ ಒಂದು ನಿಲಯಕ್ಕೂ ಮುಂದಿನ ನಿಲಯಕ್ಕೂ ನಡುವಿನ ಅಂತರ 9 ಕಿಲೋಹರ್ಟ್ಸ್. 675ರಲ್ಲಿ ಅದು ಶೇಕಡ 1.3ರಷ್ಟು. ಎಫ್‌ಎಂ ಸಂಕೇತ ಹಿಡಿಯುವ ಸುಮಾರು 200 ಕಿಲೋಹರ್ಟ್ಸ್ 103.5 ಮೆಗಾಹರ್ಟ್ಸ್‌ನ ಶೇಕಡ 0.2. ಆದ್ದರಿಂದ ಅವುಗಳ ಆಂಟೆನಾಗಳನ್ನು ಒಂದೇ ಆವರ್ತನಕ್ಕೆ ಶ್ರುತಿಗೊಳಿಸಿದರೆ ಸಾಕಾಗುತ್ತದೆ. ಇಪ್ಪತ್ತನೆಯ ಶತಮಾನದ ಬಹುಪಾಲು ಆಂಟೆನಾ ವಿದ್ಯೆ ಬೆಳೆದದ್ದು ಈ ಶ್ರುತಿಯ ಕಲ್ಪನೆಯ ಮೇಲೆ.

ಅಲ್ಟ್ರಾ ವೈಡ್‌ಬ್ಯಾಂಡ್ ಸಂವಹನ ಆ ಕಲ್ಪನೆಯನ್ನೇ ಕೈಬಿಡುತ್ತದೆ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2002ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶ 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆದಿಟ್ಟಿತು. ಕನಿಷ್ಠ 500 ಮೆಗಾಹರ್ಟ್ಸ್ ಅಗಲವಿರುವ, ಅಥವಾ ನಡುವಣ ಆವರ್ತನದ ಶೇಕಡ 20ಕ್ಕಿಂತ ಹೆಚ್ಚು ಅಗಲವಿರುವ ಸಂಕೇತ ಈ ವರ್ಗಕ್ಕೆ ಸೇರುತ್ತದೆ. ಪೂರ್ತಿ ಪಟ್ಟಿಯನ್ನು ತೆಗೆದುಕೊಂಡರೆ ನಡು 6.85 ಗಿಗಾಹರ್ಟ್ಸ್, ಅಗಲ 7.5 ಗಿಗಾಹರ್ಟ್ಸ್: ಶೇಕಡ 109. ಪ್ರತಿ ಮೆಗಾಹರ್ಟ್ಸ್‌ಗೆ −41.3 ಡಿಬಿಎಂ ಮೀರಬಾರದೆಂಬ ಮಿತಿಯನ್ನು ಆ ಆದೇಶವೇ ಹಾಕಿದೆ. ಇಡೀ ಪಟ್ಟಿಯನ್ನು ತುಂಬಿದರೂ ಒಟ್ಟು ಶಕ್ತಿ ಸುಮಾರು 0.56 ಮಿಲಿವಾಟ್ ಮಾತ್ರ. ಇಷ್ಟು ಬಡ ಬಂಡವಾಳದಲ್ಲಿ ನಡೆಯುವ ವ್ಯವಹಾರದಲ್ಲಿ ಆಂಟೆನಾ ಒಂದಿಷ್ಟನ್ನೂ ವ್ಯರ್ಥ ಮಾಡುವಂತಿಲ್ಲ.

ಅಗಲ ಪಟ್ಟಿ ಹೊಸ ಸಂಗತಿಯೂ ಅಲ್ಲ. ರೇಡಿಯೊ ಹುಟ್ಟಿದ್ದೇ ಕಿಡಿಯಿಂದ. ಕಿಡಿ ಸಹಜವಾಗಿಯೇ ಅಗಲ ಪಟ್ಟಿಯ ಸಂಕೇತ. ಕೊಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸರು 1890ರ ದಶಕದಲ್ಲಿ ಕಿಡಿಯಿಂದ ಮಿಲಿಮೀಟರ್ ಅಲೆಗಳನ್ನು ಹುಟ್ಟಿಸಿ, ಕೊಳವೆಯ ಬಾಯನ್ನು ಅಗಲಿಸಿದ ಆಲಿಕೆಯಂಥ ಆಂಟೆನಾದಿಂದ ಅವನ್ನು ಹಿಡಿದರು. ಇಂದಿನ ಹಾರ್ನ್ ಆಂಟೆನಾದ ಪೂರ್ವರೂಪ ಅದು. 1898ರ ತಮ್ಮ ಪೇಟೆಂಟಿನಲ್ಲಿ ಆಲಿವರ್ ಲಾಡ್ಜ್ ಎದುರುಬದುರಾಗಿ ನಿಲ್ಲಿಸಿದ ಎರಡು ಶಂಕುಗಳ ಆಂಟೆನಾವನ್ನು ತೋರಿಸಿದರು. ಆದರೆ ಅದೇ ಪೇಟೆಂಟಿನ ಮುಖ್ಯ ವಿಷಯ ಶ್ರುತಿ, ಅಂದರೆ ಒಂದು ನಿಲಯದ ಸಂಕೇತವನ್ನು ಇನ್ನೊಂದರಿಂದ ಬೇರ್ಪಡಿಸುವ ಉಪಾಯ. ಜಗತ್ತು ಹಿಡಿದದ್ದು ಶ್ರುತಿಯ ದಾರಿಯನ್ನು. ಕಿಡಿಯ ಯಂತ್ರಗಳು ಮೂಲೆಗೆ ಸರಿದವು. ಶಂಕುಗಳು ದಶಕಗಳ ಕಾಲ ಮರೆಯಾದವು.

ಆ ಎರಡು ಶಂಕುಗಳನ್ನು ಇಲ್ಲಿ ನಿಂತು ನೋಡಬೇಕು, ಏಕೆಂದರೆ ಅಗಲ ಪಟ್ಟಿಯ ಆಂಟೆನಾದ ಮೂಲತತ್ತ್ವವೆಲ್ಲ ಅವುಗಳಲ್ಲಿದೆ. ತುದಿಗಳು ಕೂಡುವ ಬಿಂದುವಿನಲ್ಲಿ ವಿದ್ಯುತ್ತನ್ನು ಊಡಿದರೆ ಅಲೆ ಎರಡು ಶಂಕುಗಳ ನಡುವಿನ ಬಯಲಿನಲ್ಲಿ ಹೊರಕ್ಕೆ ಸಾಗುತ್ತದೆ. ಶಂಕು ಎಷ್ಟು ಉದ್ದವಿದೆ ಎಂಬುದು ಆ ಅಲೆಗೆ ತಿಳಿಯದು. ಕೋನ ಮಾತ್ರ ತಿಳಿಯುತ್ತದೆ. ಅನಂತ ಉದ್ದದ ಶಂಕುಗಳ ಇಂಪೀಡೆನ್ಸ್, ಅಂದರೆ ಪರ್ಯಾಯ ವಿದ್ಯುತ್ತಿಗೆ ಅವು ಒಡ್ಡುವ ತಡೆ, ಕೋನವೊಂದನ್ನೇ ಅವಲಂಬಿಸಿದೆ, ಆವರ್ತನವನ್ನಲ್ಲ. ಕೆಳಗಿನ ಶಂಕುವಿನ ಬದಲು ಲೋಹದ ಹಾಳೆಯನ್ನು ಹಾಸಿ ಮೇಲಿನ ಶಂಕುವಿನ ಅರ್ಧಕೋನವನ್ನು ಸುಮಾರು 47 ಡಿಗ್ರಿಗೆ ಇಟ್ಟರೆ ಇಂಪೀಡೆನ್ಸ್ 50 ಓಮ್ ಆಗುತ್ತದೆ. ಪ್ರಯೋಗಾಲಯದ ಕೇಬಲ್‌ಗಳ ಇಂಪೀಡೆನ್ಸ್ ಕೂಡ ಅದೇ. ಕತ್ತರಿಸಿದ ಶಂಕುವಿಗೆ ಅಂಚು ಇರುವುದರಿಂದ ಕೆಳ ಆವರ್ತನಗಳಲ್ಲಿ ಅಲೆ ಅಂಚಿನಿಂದ ಹಿಂತಿರುಗುತ್ತದೆ. ಹಾಗಾಗಿ ಉದ್ದ ನಿರ್ಧರಿಸುವುದು ಪಟ್ಟಿಯ ಕೆಳಗಿನ ಮಿತಿಯನ್ನು ಮಾತ್ರ. ವಿಸ್ತಾರ ಬರುವುದು ಆಕಾರದಿಂದ ಎಂಬ ಈ ಮಾತನ್ನು ಹಿಡಿದುಕೊಂಡರೆ ಮುಂದಿನ ವಿನ್ಯಾಸಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ.

ಇದೇ ತತ್ತ್ವವನ್ನು 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಕ್ಟರ್ ರಮ್ಸೆ ಸಾಮಾನ್ಯ ನಿಯಮವಾಗಿ ಹೇಳಿದರು: ಕೋನಗಳಿಂದ ಮಾತ್ರ ನಿರ್ಧಾರವಾಗುವ ಆಕಾರ ಆವರ್ತನಕ್ಕೆ ಬದ್ಧವಾಗಿರುವುದಿಲ್ಲ. ಸಮಕೋನ ಸುರುಳಿ ಆಂಟೆನಾ, ಲಾಗ್-ಪೀರಿಯಾಡಿಕ್ ಆಂಟೆನಾ ಆ ದಶಕದಲ್ಲೇ ಬಂದವು. ಅದಕ್ಕೂ ಮುನ್ನ 1948ರಲ್ಲಿ ಜಪಾನಿನ ಯಾಸುತೊ ಮುಶಿಯಾಕೆ ಇನ್ನೊಂದು ಸುಂದರವಾದ ಸತ್ಯವನ್ನು ಕಂಡುಕೊಂಡಿದ್ದರು. ಲೋಹದ ಭಾಗವೂ ಖಾಲಿ ಭಾಗವೂ ಒಂದೇ ಆಕಾರದಲ್ಲಿದ್ದರೆ ಆ ಆಂಟೆನಾದ ಇಂಪೀಡೆನ್ಸ್ ಎಲ್ಲ ಆವರ್ತನಗಳಲ್ಲೂ ಸುಮಾರು 188 ಓಮ್. ಕರ್ನಾಟಕದಲ್ಲಿ ಲಾಗ್-ಪೀರಿಯಾಡಿಕ್ ಆಂಟೆನಾಗಳ ದೊಡ್ಡ ತೋಪು ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದಲ್ಲಿದೆ. ಅಲ್ಲಿನ ರೇಡಿಯೊಹೀಲಿಯೊಗ್ರಾಫ್ ಸೂರ್ಯನಿಂದ ಬರುವ ಅಲೆಗಳನ್ನು 40ರಿಂದ 150 ಮೆಗಾಹರ್ಟ್ಸ್‌ವರೆಗೆ ಗ್ರಹಿಸಲು ಈ ಬಗೆಯ ಆಂಟೆನಾಗಳನ್ನೇ ಬಳಸುತ್ತದೆ.

ರಾಜ್ಯದಲ್ಲಿ ಆಂಟೆನಾ ವಿದ್ಯೆ ಬೇರುಬಿಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ರಾಜೇಶ್ವರಿ ಚಟರ್ಜಿ (1922–2010) ಅಲ್ಲಿನ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಲ್ಲಿ ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯನ್ನು ಕಟ್ಟಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಅವರು ಪಠ್ಯಪುಸ್ತಕಗಳನ್ನೂ ಬರೆದರು. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗ ಬೋರ್ಡಿನಲ್ಲಿ ಮುದ್ರಿಸುವ ಮೈಕ್ರೋಸ್ಟ್ರಿಪ್ ಆಂಟೆನಾಗಳ ಮೇಲೆ ಸತತವಾಗಿ ಕೆಲಸ ಮಾಡಿದೆ. ಶಿವಮೊಗ್ಗದಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜು ಸೇರಿದಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಮೈಕ್ರೋವೇವ್ ಮತ್ತು ಆಂಟೆನಾ ಪಠ್ಯವಿಷಯ. ಮುದ್ರಿತ ಅಲ್ಟ್ರಾ ವೈಡ್‌ಬ್ಯಾಂಡ್ ಆಂಟೆನಾವನ್ನು ಜಿಲ್ಲಾ ಕೇಂದ್ರದ ಕಾಲೇಜಿನಲ್ಲೂ ತಯಾರಿಸಬಹುದು. ಅದಕ್ಕೆ ಬೇಕಾದದ್ದು ತಾಮ್ರ ಹೊದಿಸಿದ ಎಫ್‌ಆರ್4 ಬೋರ್ಡ್, ಎಚ್ಚಿಂಗ್‌ಗೆ ಫೆರಿಕ್ ಕ್ಲೋರೈಡ್, ಒಂದು ಎಸ್‌ಎಂಎ ಕನೆಕ್ಟರ್. ಉಳಿದದ್ದೆಲ್ಲ ಲೆಕ್ಕ ಮತ್ತು ಅಳತೆ.

ಲೆಕ್ಕ ಶುರುವಾಗುವುದು ಗಾತ್ರದ ಮಿತಿಯಿಂದ. ಆಂಟೆನಾವನ್ನು ಪೂರ್ತಿ ಒಳಗೊಳ್ಳುವ ಗೋಳವನ್ನು ಕಲ್ಪಿಸಿಕೊಂಡರೆ, ಆ ಗೋಳ ಚಿಕ್ಕದಾದಷ್ಟೂ ಸಿಗುವ ಪಟ್ಟಿ ಕಿರಿದಾಗುತ್ತದೆ ಎಂದು 1948ರಲ್ಲಿ ಎಲ್. ಜೆ. ಚು ತೋರಿಸಿದರು. ಕಿರಿದಾಗುವಿಕೆಯ ಅಳತೆಗೋಲು ಕ್ಯೂ ಎಂಬ ಗುಣಾಂಕ. ಅದು ಹೆಚ್ಚಿದಷ್ಟೂ ಪಟ್ಟಿ ಸಣ್ಣದು. ಗೋಳದ ತ್ರಿಜ್ಯ ಅಲೆಯ ಉದ್ದವನ್ನು 2πಯಿಂದ ಭಾಗಿಸಿದಷ್ಟು ಇದ್ದಾಗ ಕ್ಯೂ ಕನಿಷ್ಠ 2. ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ ಅದು 10ಕ್ಕೆ ಜಿಗಿಯುತ್ತದೆ. 3.1 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 9.7 ಸೆಂಟಿಮೀಟರ್, ಆ ತ್ರಿಜ್ಯ ಸುಮಾರು 1.5 ಸೆಂಟಿಮೀಟರ್. ಇದಕ್ಕಿಂತ ಬಹಳ ಚಿಕ್ಕದಾದ ಆಂಟೆನಾ ಕೆಳಗಿನ ಆವರ್ತನದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆಂದು ಯಾರಾದರೂ ಹೇಳಿದರೆ ಶಕ್ತಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ನ್ಯಾಯ.

ಶಂಕುವನ್ನು ಬೋರ್ಡಿನ ಮೇಲೆ ಮುದ್ರಿಸಲಾಗದು. ಅದನ್ನು ಚಪ್ಪಟೆಯಾಗಿಸಿದಾಗ ದೊರೆಯುವುದೇ ತಟ್ಟೆಯಾಕಾರದ ಮಾನೋಪೋಲ್, ಅಂದರೆ ಗ್ರೌಂಡ್ ಎಂಬ ಲೋಹದ ಹಾಳೆಯ ಎದುರು ನಿಲ್ಲುವ ಒಂಟಿ ತೋಳಿನ ಆಂಟೆನಾ. ಈ ಬಗೆಯ ಆಂಟೆನಾಗಳ ವಿನ್ಯಾಸಕ್ಕೆ ಮುಖ್ಯ ಸೂತ್ರ ಬಂದದ್ದು ಭಾರತದಿಂದಲೇ. ಐಐಟಿ ಬಾಂಬೆಯ ಗಿರೀಶ್ ಕುಮಾರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಚಪ್ಪಟೆ ತಟ್ಟೆಯನ್ನು ಅಷ್ಟೇ ಎತ್ತರದ, ಅಷ್ಟೇ ಹೊರಮೈ ವಿಸ್ತೀರ್ಣದ ಉರುಳೆಗೆ ಸಮವೆಂದು ಪರಿಗಣಿಸಲಾಗಿದೆ. ಆಗ ಗಿಗಾಹರ್ಟ್ಸ್‌ನಲ್ಲಿ ಕೆಳಗಿನ ಆವರ್ತನ ತಿಳಿಯಲು 7.2ನ್ನು ಉರುಳೆಯ ಎತ್ತರ, ಅದರ ತ್ರಿಜ್ಯ ಮತ್ತು ತಟ್ಟೆಗೂ ಗ್ರೌಂಡ್‌ಗೂ ನಡುವಿನ ಊಡುವ ಸಂದಿನ ಮೊತ್ತದಿಂದ ಭಾಗಿಸಿದರೆ ಸಾಕು; ಅಳತೆಗಳೆಲ್ಲ ಸೆಂಟಿಮೀಟರಿನಲ್ಲಿ. ವೃತ್ತಾಕಾರದ ತಟ್ಟೆಯಾದರೆ ಎತ್ತರವೆಂದರೆ ವ್ಯಾಸ, ಸಮಾನ ಉರುಳೆಯ ತ್ರಿಜ್ಯವೆಂದರೆ ತಟ್ಟೆಯ ತ್ರಿಜ್ಯದ ಕಾಲುಭಾಗ. 10 ಮಿಲಿಮೀಟರ್ ತ್ರಿಜ್ಯದ ತಟ್ಟೆ, 0.3 ಮಿಲಿಮೀಟರ್ ಸಂದು ಎಂದಿಟ್ಟುಕೊಂಡರೆ 2, 0.25 ಮತ್ತು 0.03 ಕೂಡಿ 2.28, ಉತ್ತರ 3.16 ಗಿಗಾಹರ್ಟ್ಸ್. ಎಫ್‌ಆರ್4 ಬೋರ್ಡಿನ ಮೇಲೆ ಮುದ್ರಿಸಿದಾಗ ಬೋರ್ಡಿನ ವಸ್ತು ಅಲೆಯನ್ನು ತುಸು ಕುಗ್ಗಿಸುತ್ತದೆ. ಅದಕ್ಕಾಗಿ 1.15ರಿಂದ ಭಾಗಿಸಿದರೆ 2.75 ಗಿಗಾಹರ್ಟ್ಸ್. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಸಂಶೋಧಕರು 2005ರಲ್ಲಿ ಇದೇ ಅಳತೆಯ ಮುದ್ರಿತ ತಟ್ಟೆಯನ್ನು ಪರೀಕ್ಷಿಸಿದಾಗ ಸಿಕ್ಕ ಪಟ್ಟಿ ಸುಮಾರು 2.78ರಿಂದ 9.78 ಗಿಗಾಹರ್ಟ್ಸ್. ಕಾಗದದ ಮೇಲೆ ಎರಡು ಸಾಲಿನಲ್ಲಿ ಮುಗಿಯುವ ಲೆಕ್ಕ ಅಳತೆಗೆ ಇಷ್ಟು ಹತ್ತಿರ ಬರುವುದು ಎಂಜಿನಿಯರಿಂಗ್‌ನಲ್ಲಿ ಅಪರೂಪದ ಸೊಗಸು.

ಈ ತಟ್ಟೆ ಇಷ್ಟು ವಿಸ್ತಾರವಾದ ಪಟ್ಟಿಯಲ್ಲಿ ಹೇಗೆ ಕೆಲಸ ಮಾಡುತ್ತದೆ? ವಿದ್ಯುತ್ತು ತಟ್ಟೆಯ ನಡುವೆ ಹೆಚ್ಚು ಸುಳಿಯದೆ ಅಂಚಿನುದ್ದಕ್ಕೂ ಹರಿಯುತ್ತದೆ. ಮೊದಲ ಅನುರಣನ ತಟ್ಟೆಯ ವ್ಯಾಸ ಸರಿಸುಮಾರು ಕಾಲು ಅಲೆಯಷ್ಟಿರುವಲ್ಲಿ. ಅದರ ಮೇಲೆ ಎರಡನೆಯದು, ಮೂರನೆಯದು ಒಂದಕ್ಕೊಂದು ಹತ್ತಿರ ಹತ್ತಿರ ಬಂದು ಬೆರೆಯುತ್ತವೆ. ಅವುಗಳ ನಡುವೆ ತಗ್ಗು ಉಳಿಯುವುದಿಲ್ಲ. ತಟ್ಟೆಯ ಕೆಳ ಅಂಚು ಗ್ರೌಂಡ್‌ನ ಮೇಲಂಚಿನಿಂದ ನಿಧಾನವಾಗಿ ದೂರ ಸರಿಯುವ ಜಾಗ ಶಂಕುಗಳ ಬಾಯಂತೆಯೇ ಅಲೆಯನ್ನು ಹೊರಕ್ಕೆ ಕರೆದೊಯ್ಯುತ್ತದೆ. ಆದ್ದರಿಂದ 0.3 ಮಿಲಿಮೀಟರಿನ ಆ ಸಂದು ಇಡೀ ವಿನ್ಯಾಸದಲ್ಲೇ ಅತಿ ಸೂಕ್ಷ್ಮವಾದ ಅಳತೆ. ಎಚ್ಚಿಂಗ್‌ನಲ್ಲಿ ಅದು ಸ್ವಲ್ಪ ಹೆಚ್ಚು ಕರಗಿದರೂ ಪಟ್ಟಿ ನಡುವೆ ಮುರಿಯಬಹುದು.

ಗ್ರೌಂಡ್ ಇಲ್ಲಿ ನಿಷ್ಕ್ರಿಯ ಹಿನ್ನೆಲೆಯಾಗಿ ಉಳಿಯುವುದಿಲ್ಲ, ತಾನೂ ಆಂಟೆನಾದ ಅರ್ಧವಾಗುತ್ತದೆ. ಕೆಳ ಆವರ್ತನಗಳಲ್ಲಿ ಗ್ರೌಂಡ್‌ನ ಹೊರಮೈಯಲ್ಲೂ ವಿದ್ಯುತ್ತು ಹರಿದು ಕನೆಕ್ಟರ್ ದಾಟಿ ಕೇಬಲ್ಲಿನ ಹೊರ ಕವಚಕ್ಕೆ ಇಳಿಯುತ್ತದೆ. ಆಗ ಅಳತೆಯಲ್ಲಿ ಕಾಣುವುದು ಆಂಟೆನಾ ಮತ್ತು ಕೇಬಲ್ ಸೇರಿದ ಗುಣ. ಅಳೆಯುವಾಗ ಕೇಬಲನ್ನು ಕೈಯಲ್ಲಿ ಹಿಡಿದರೆ ಉಪಕರಣದ ಪರದೆಯ ಮೇಲಿನ ಗೆರೆ ಅಲುಗಾಡುವುದೇ ಇದಕ್ಕೆ ಸಾಕ್ಷಿ. ಕೇಬಲ್ಲಿಗೆ ಫೆರೈಟ್ ಮಣಿಗಳನ್ನು ತೊಡಿಸಿ ಮತ್ತೆ ಅಳೆದ ಮೇಲೆಯೇ ಕೆಳಗಿನ ಮಿತಿಯನ್ನು ನಂಬಬೇಕು.

ಎಫ್‌ಆರ್4 ಅಗ್ಗ, ಎಲ್ಲೆಡೆ ಸಿಗುತ್ತದೆ. ಅದರ ನಷ್ಟ ಮಾತ್ರ ದೊಡ್ಡದು. ನಷ್ಟದ ಸ್ಪರ್ಶಕ ಸುಮಾರು 0.02 ಇರುವ ಈ ಬೋರ್ಡ್ 10 ಗಿಗಾಹರ್ಟ್ಸ್ ಬಳಿ ಶಕ್ತಿಯ ಗಣನೀಯ ಭಾಗವನ್ನು ಶಾಖವಾಗಿಸುತ್ತದೆ. ನೆಟ್‌ವರ್ಕ್ ಅನಲೈಸರ್ ತೋರಿಸುವುದು ಎಷ್ಟು ಶಕ್ತಿ ಹಿಂದಿರುಗಿ ಬಂತು ಎಂಬುದನ್ನು. ಹಿಂದಿರುಗದ ಶಕ್ತಿ ಬಯಲಿಗೆ ಹೋಯಿತೋ ಬೋರ್ಡಿನಲ್ಲಿ ಕರಗಿತೋ ಎಂದು ಅದು ಹೇಳಲಾರದು. ರಿಟರ್ನ್ ಲಾಸ್ 10 ಡೆಸಿಬೆಲ್‌ಗಿಂತ ಚೆನ್ನಾಗಿದೆ, ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಮರಳುತ್ತಿದೆ ಎಂಬ ಗೆರೆಯೊಂದನ್ನೇ ತೋರಿಸಿ ಕೆಲಸ ಮುಗಿಯಿತೆನ್ನುವ ಪ್ರಬಂಧಗಳು ಬೇಕಾದಷ್ಟಿವೆ. ಅದು ಅರ್ಧ ಕೆಲಸ. ದಕ್ಷತೆ ಮತ್ತು ಗೇನ್ (ಒಂದು ದಿಕ್ಕಿಗೆ ಶಕ್ತಿ ಎಷ್ಟು ಕೇಂದ್ರೀಕರಿಸುತ್ತದೆ ಎಂಬುದು) ಅಳೆಯದ ವಿನ್ಯಾಸವನ್ನು ಪೂರ್ಣವೆಂದು ಒಪ್ಪಬಾರದು.

ಇನ್ನರ್ಧ ಕಾಲಕ್ಕೆ ಸೇರಿದ್ದು. ಅಲ್ಟ್ರಾ ವೈಡ್‌ಬ್ಯಾಂಡ್‌ನಲ್ಲಿ ಕಳಿಸುವುದು ನ್ಯಾನೋಸೆಕೆಂಡಿನ ಆಸುಪಾಸಿನ ಪಲ್ಸ್‌ಗಳನ್ನು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು 30 ಸೆಂಟಿಮೀಟರ್ ಸಾಗುತ್ತದೆ. ಶ್ರುತಿಗೊಂಡ ಆಂಟೆನಾಗೆ ಇಂಥ ಪಲ್ಸ್ ಕೊಟ್ಟರೆ ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಿದಂತೆ ಅದು ಬಹುಹೊತ್ತು ಮೊಳಗುತ್ತಲೇ ಇರುತ್ತದೆ, ಮುಂದಿನ ಪಲ್ಸ್ ಅದರಲ್ಲಿ ಮುಳುಗುತ್ತದೆ. ಹಾಗೆಂದು ಆವರ್ತನಕ್ಕೆ ಬದ್ಧವಲ್ಲದ ಆಂಟೆನಾಗಳೆಲ್ಲ ಪಲ್ಸ್‌ಗೆ ಒಗ್ಗುತ್ತವೆ ಎಂದೇನೂ ಇಲ್ಲ. ಸುರುಳಿಯಲ್ಲಿ ಚಿಕ್ಕ ಅಲೆಗಳು ಒಳಗಿನ ಸುತ್ತಿನಿಂದ ಹೊರಟರೆ ದೊಡ್ಡ ಅಲೆಗಳು ಹೊರಗಿನ ಸುತ್ತಿನವರೆಗೆ ನಡೆದು ಆಮೇಲೆ ಹೊರಡುತ್ತವೆ. ಲಾಗ್-ಪೀರಿಯಾಡಿಕ್‌ನಲ್ಲೂ ಇದೇ ಕಥೆ: ಚಿಕ್ಕ ಕಡ್ಡಿಯಿಂದ ಒಂದು ಆವರ್ತನ, ದೊಡ್ಡ ಕಡ್ಡಿಯಿಂದ ಇನ್ನೊಂದು. ಒಟ್ಟಿಗೆ ಹೊರಡಬೇಕಾದ ಪಲ್ಸ್ ಎಳೆದಂತಾಗಿ ಹೊರಬೀಳುತ್ತದೆ. ಗೌರಿಬಿದನೂರಿನಲ್ಲಿ ಇದು ತೊಡಕಲ್ಲ. ಸೂರ್ಯನ ಅಲೆಗಳಲ್ಲಿ ಅಲ್ಲಿ ಅಳೆಯುವುದು ಬೇರೆ ಬೇರೆ ಆವರ್ತನಗಳ ತೀವ್ರತೆಯನ್ನು, ಕಾಪಾಡಬೇಕಾದ ಪಲ್ಸ್ ಏನೂ ಇಲ್ಲ. ಸಂವಹನಕ್ಕೆ ಇದು ದೋಷ. ಶಂಕು, ತಟ್ಟೆ ಮತ್ತು 1979ರಲ್ಲಿ ಪಿ. ಜೆ. ಗಿಬ್ಸನ್ ರೂಪಿಸಿದ ವಿವಾಲ್ಡಿ ಆಂಟೆನಾ ಈ ವಿಷಯದಲ್ಲಿ ಮೇಲು. ವಿವಾಲ್ಡಿಯಲ್ಲಿ ತಾಮ್ರದ ನಡುವಿನ ಸೀಳು ಘಾತೀಯ ರೇಖೆಯಂತೆ ಅಗಲಿಸುತ್ತಾ ಹೋಗಿ ಅಲೆಯನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಇದನ್ನು ಪರೀಕ್ಷಿಸಲು ಒಂದೇ ಬಗೆಯ ಎರಡು ಆಂಟೆನಾಗಳನ್ನು ಎದುರುಬದುರು ಇಟ್ಟು ಒಂದರಿಂದ ಇನ್ನೊಂದಕ್ಕೆ ಸಾಗುವ ಸಂಕೇತವನ್ನು ಅಳೆಯುತ್ತಾರೆ. ಗ್ರೂಪ್ ಡಿಲೇ ಎಂಬ ವಿಳಂಬ ಪಟ್ಟಿಯುದ್ದಕ್ಕೂ ಒಂದೇ ಆಗಿರಬೇಕು. ಹೊರಟ ಪಲ್ಸ್‌ಗೂ ತಲುಪಿದ ಪಲ್ಸ್‌ಗೂ ಇರುವ ಹೋಲಿಕೆಯನ್ನು ಫಿಡೆಲಿಟಿ ಎಂಬ ಸಂಖ್ಯೆ ಹೇಳುತ್ತದೆ. ಒಂದು ದಿಕ್ಕಿನಲ್ಲಿ ಅಳೆದರೆ ಸಾಲದು. ತಟ್ಟೆಯ ಆಂಟೆನಾ 3 ಗಿಗಾಹರ್ಟ್ಸ್‌ನಲ್ಲಿ ಸುತ್ತ ಎಲ್ಲೆಡೆ ಸಮನಾಗಿ ಹರಡಿದರೂ 10ರಲ್ಲಿ ಹೊರಸೂಸುವಿಕೆ ಹಲವು ಕವಲುಗಳಾಗಿ ಒಡೆಯುತ್ತದೆ, ಆ ಕವಲುಗಳ ನಡುವಿನ ದಿಕ್ಕಿನಲ್ಲಿ ಪಲ್ಸ್ ವಿರೂಪಗೊಳ್ಳುತ್ತದೆ.

ವಿಸ್ತಾರವಾದ ಪಟ್ಟಿಯೊಳಗೆ ಬೇರೆಯವರ ಮನೆಗಳೂ ಇವೆ. 5.15ರಿಂದ 5.825 ಗಿಗಾಹರ್ಟ್ಸ್ ನಡುವೆ ವೈಫೈ ಇದೆ. ಭಾರತದಲ್ಲಿ 2022ರಲ್ಲಿ 5ಜಿಗಾಗಿ ಹರಾಜಾದ 3.3ರಿಂದ 3.67 ಗಿಗಾಹರ್ಟ್ಸ್ ಕೂಡ ಈ ಪಟ್ಟಿಯಲ್ಲೇ ಬರುತ್ತದೆ. ಆ ಆವರ್ತನಗಳಲ್ಲಿ ಮಾತ್ರ ಆಂಟೆನಾ ಮೌನವಾಗಿರಬೇಕೆಂದರೆ ತಟ್ಟೆಯಲ್ಲಿ ಸೀಳೊಂದನ್ನು ಕೊರೆಯಬೇಕು. ಸೀಳಿನ ಉದ್ದ ಬೋರ್ಡಿನ ಮೇಲೆ ಅರ್ಧ ಅಲೆಯಷ್ಟು: ಎಫ್‌ಆರ್4ಗೆ 5.5 ಗಿಗಾಹರ್ಟ್ಸ್‌ನಲ್ಲಿ ಸುಮಾರು 16.6 ಮಿಲಿಮೀಟರ್, 3.5ರಲ್ಲಿ ಸುಮಾರು 26. ಎರಡನೆಯದು ತಟ್ಟೆಯ ವ್ಯಾಸಕ್ಕಿಂತ ಉದ್ದ. ಅದನ್ನು ಯು ಆಕಾರದಲ್ಲಿ ಬಾಗಿಸದೆ ದಾರಿಯಿಲ್ಲ. ಸೀಳು ಮಾಡುವುದು ಅನುರಣನ, ಅನುರಣನ ಎಂದರೆ ಮೊಳಗು. ಸೀಳುಗಳು ಹೆಚ್ಚಿದಷ್ಟೂ ಪಲ್ಸ್ ಕೆಡುತ್ತದೆ, ಹಾಗಾಗಿ ಅಗತ್ಯವಿರುವಷ್ಟೇ ಸೀಳು ಸಾಕು.

ಇಂದು ಮಾರುಕಟ್ಟೆಯಲ್ಲಿರುವ ಸಾಧನಗಳು ಇಡೀ ಪಟ್ಟಿಯನ್ನು ಬಳಸುವುದಿಲ್ಲ. ಐಟ್ರಿಪಲ್‌ಇ 802.15.4ಝಡ್ ಮಾನದಂಡ 2020ರಲ್ಲಿ ಬಂದಿದೆ. ಫೋನ್‌ಗಳಲ್ಲಿ ಮತ್ತು ಕಾರಿನ ಡಿಜಿಟಲ್ ಕೀಲಿಗಳಲ್ಲಿ ಹೆಚ್ಚು ಬಳಕೆಯಾಗುವುದು 6489.6 ಮತ್ತು 7987.2 ಮೆಗಾಹರ್ಟ್ಸ್ ಸುತ್ತಲಿನ ತಲಾ 499.2 ಮೆಗಾಹರ್ಟ್ಸ್ ಅಗಲದ ಎರಡು ಚಾನಲ್‌ಗಳು. ಮೊದಲು ಹೆಚ್ಚು ಡೇಟಾ ಕಳಿಸುವ ಮಾಧ್ಯಮವೆಂದು ಎಣಿಸಿದ್ದ ತಂತ್ರ ಈಗ ಮುಖ್ಯವಾಗಿ ಅಲೆ ಸಾಗಲು ಹಿಡಿದ ಕಾಲದಿಂದ ದೂರ ಅಳೆಯುವ ಕೆಲಸಕ್ಕೆ ನಿಂತಿದೆ.

ಆ ಕೆಲಸದ ಬೆಲೆ ಗೊತ್ತಾಗುವುದು ಕಬ್ಬಿಣ ತುಂಬಿದ ಜಾಗದಲ್ಲಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ, ಈಗ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆಯ ಶೆಡ್‌ಗಳು, ಶಿವಮೊಗ್ಗ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು ಇಂಥವು. ತಗಡಿನ ಮಾಡು, ಉಕ್ಕಿನ ತೊಲೆ, ಕ್ರೇನು, ಅಚ್ಚಿನ ಪೆಟ್ಟಿಗೆಗಳು ರೇಡಿಯೊ ಅಲೆಯನ್ನು ಎಲ್ಲ ಕಡೆಯಿಂದ ಪ್ರತಿಫಲಿಸುತ್ತವೆ. ಇಂಥ ಕಡೆ ಕ್ರೇನಿನಡಿ ಕಾರ್ಮಿಕನಿದ್ದಾನೆಯೇ ಎಂದು ತಿಳಿಯುವ ವ್ಯವಸ್ಥೆ ಬೇಕೆಂದುಕೊಳ್ಳಿ. 20 ಮೆಗಾಹರ್ಟ್ಸ್ ಅಗಲದ ವೈಫೈ ಸಂಕೇತ ಬೇರ್ಪಡಿಸಬಲ್ಲ ಕಾಲದ ಅಂತರ ಸುಮಾರು 50 ನ್ಯಾನೋಸೆಕೆಂಡ್, ಅಂದರೆ 15 ಮೀಟರ್ ಹಾದಿ. ನೇರ ಅಲೆ ಮತ್ತು 3 ಮೀಟರ್ ಬಳಸಿ ಬಂದ ಪ್ರತಿಫಲನ ಅದಕ್ಕೆ ಒಂದೇ. 500 ಮೆಗಾಹರ್ಟ್ಸ್ ಅಗಲದ ಸಂಕೇತಕ್ಕೆ ಆ ಅಂತರ 2 ನ್ಯಾನೋಸೆಕೆಂಡ್. 10 ನ್ಯಾನೋಸೆಕೆಂಡ್ ತಡವಾಗಿ ಬರುವ ಆ ಪ್ರತಿಫಲನ ಅದಕ್ಕೆ ಬೇರೆಯಾಗಿಯೇ ಕಾಣುತ್ತದೆ. ಮೊದಲು ಮುಟ್ಟಿದ್ದೇ ನೇರ ಅಲೆ. ಆದರೆ ಆಂಟೆನಾ ತಾನೇ 10 ನ್ಯಾನೋಸೆಕೆಂಡ್ ಮೊಳಗಿದರೆ ಈ ಲಾಭವೆಲ್ಲ ಹೋಯಿತು.

ಅಂಥ ಶೆಡ್ಡಿನ ಕಂಬಗಳ ಮೇಲೆ ಒಂದೇ ದಿಕ್ಕಿಗೆ ನೋಡುವ ವಿವಾಲ್ಡಿ ಅಥವಾ ಹಿಂದೆ ಲೋಹದ ಗೂಡಿರುವ ಆಂಟೆನಾ ಸರಿ. ಹಿಂದಿನ ಉಕ್ಕು ಆಗ ಅದಕ್ಕೆ ಕಾಣುವುದಿಲ್ಲ. ಕಾರ್ಮಿಕನ ಮೈಮೇಲಿನ, ಸಂಕೇತ ಕಳಿಸುವ ಬಿಲ್ಲೆಗೆ ಸುತ್ತಲೂ ಹರಡುವ ತಟ್ಟೆಯೇ ಬೇಕು. ಅದನ್ನು ಎದೆಯ ಮೇಲೆ ಅಂಟಿಸಿದರೆ ದೇಹ ಒಂದು ಬದಿಯನ್ನು ಪೂರ್ತಿ ಮರೆಮಾಡುತ್ತದೆ, ನೀರು ತುಂಬಿದ ಅಂಗಾಂಶ ಈ ಆವರ್ತನಗಳನ್ನು ಹೀರಿಕೊಳ್ಳುತ್ತದೆ. ಹೆಲ್ಮೆಟ್ಟಿನ ನೆತ್ತಿ ಅದಕ್ಕಿಂತ ಒಳ್ಳೆಯ ಜಾಗ.

ದೂರದ ಜೊತೆಗೆ ದಿಕ್ಕೂ ಬೇಕಾದರೆ ಎರಡು ಆಂಟೆನಾಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಲೆ ಅವನ್ನು ಮುಟ್ಟುವ ಹಂತಗಳ ವ್ಯತ್ಯಾಸವನ್ನು ಅಳೆಯುತ್ತಾರೆ. ಅವುಗಳ ನಡುವಿನ ಅಂತರ ಅರ್ಧ ಅಲೆಯನ್ನು ಮೀರಿದರೆ ಒಂದೇ ವ್ಯತ್ಯಾಸಕ್ಕೆ ಎರಡು ದಿಕ್ಕುಗಳು ಹೊಂದಿಬಿಡುತ್ತವೆ, 7987.2 ಮೆಗಾಹರ್ಟ್ಸ್‌ನಲ್ಲಿ ಆ ಮಿತಿ 1.88 ಸೆಂಟಿಮೀಟರ್. ಅಷ್ಟು ಹತ್ತಿರವಿಟ್ಟಾಗ ಒಂದು ಇನ್ನೊಂದರ ಶಕ್ತಿಯನ್ನು ಕದಿಯುತ್ತದೆ. ನಡುವಿನ ಗ್ರೌಂಡ್‌ನಲ್ಲಿ ಕಿರಿದಾದ ಸೀಳುಗಳನ್ನು ಕೊರೆದು ಆ ಸೋರಿಕೆಯನ್ನು ತಗ್ಗಿಸಬಹುದು.

ಕೊನೆಯ ಅಳತೆ ಆಂಟೆನಾ ಡಿಲೇ. ಚಿಪ್ಪಿನಲ್ಲಿ ಗಡಿಯಾರ ಓದಿದ ಕ್ಷಣಕ್ಕೂ ಅಲೆ ಆಂಟೆನಾದಿಂದ ನಿಜವಾಗಿ ಹೊರಟ ಕ್ಷಣಕ್ಕೂ ನಡುವೆ ಬೋರ್ಡಿನ ಗೆರೆ, ಫಿಲ್ಟರು, ಆಂಟೆನಾಗಳ ವಿಳಂಬ ಕೂಡಿರುತ್ತದೆ. ಇದರಲ್ಲಿ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರ್ ತಪ್ಪು. ಅದಕ್ಕಾಗಿ ಎರಡು ಸಾಧನಗಳನ್ನು ಟೇಪು ಹಿಡಿದು ಅಳೆದ ಅಂತರದಲ್ಲಿಟ್ಟು, ಅವು ಹೇಳುವ ದೂರಕ್ಕೂ ನಿಜವಾದ ದೂರಕ್ಕೂ ಇರುವ ವ್ಯತ್ಯಾಸವನ್ನು ವಿಳಂಬವಾಗಿ ಪರಿವರ್ತಿಸಿ ಪ್ರತಿ ಸಾಧನದ ನೆನಪಿನಲ್ಲಿ ಬರೆದಿಡುತ್ತಾರೆ. ಆಂಟೆನಾದ ಆಕಾರವನ್ನಾಗಲಿ ಬೋರ್ಡಿನ ವಸ್ತುವನ್ನಾಗಲಿ ಹೊರಕವಚವನ್ನಾಗಲಿ ಬದಲಿಸಿದರೆ ಈ ಸಂಖ್ಯೆಯನ್ನು ಮತ್ತೆ ಅಳೆಯಬೇಕು.